ಹೋಮ್‌ವರ್ಕ್ ಮಗುವಿನದು, ಹೊತ್ತು ಮನೆಯವರದು

ಮುಂಬಯಿಯ ವರ್ಲಿಯಲ್ಲಿ ಸುದಾಮ ಕಾಳು ಅಹಿರೆ ಮಾರ್ಗ ಎಂಬ ರಸ್ತೆಯಿದೆ. ಜನರ ಬಾಯಲ್ಲಿ ಅದು 'ಅಭ್ಯಾಸ ಗಲ್ಲಿ'. ಹತ್ತಿರದ ಬಿಡಿಡಿ ಚಾಳುಗಳ ಮಕ್ಕಳು ದಶಕಗಳಿಂದ ಪುಸ್ತಕ ಹಿಡಿದು ಬಂದು, ಬೀದಿದೀಪದ ಬೆಳಕಿನಲ್ಲಿ ಕೂತು ಓದಿದ್ದರಿಂದ ಬಂದ ಹೆಸರದು. 1920ರ ದಶಕದಲ್ಲಿ ಕಟ್ಟಿದ ಆ ಚಾಳುಗಳ ಒಂದೊಂದು ಖೋಲಿಯ ವಿಸ್ತಾರ 160 ಚದರ ಅಡಿ. ಅಡುಗೆ, ಊಟ, ನಿದ್ದೆ, ಊರಿಂದ ಬಂದ ನೆಂಟರು, ಟಿವಿ ಎಲ್ಲವೂ ಅದರೊಳಗೇ. ಓದಲು ಜಾಗ ಬೇಕೆಂದವರು ರಸ್ತೆಗಿಳಿದರು.

ಮುಂಬಯಿ ಕನ್ನಡಿಗರ ಹಳೆಯ ತಲೆಮಾರಿನ ಕತೆಯೂ ಬೇರೆಯಲ್ಲ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲ್‌ನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಮೆಟ್ರಿಕ್ ಮುಗಿಸಿದರು. ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದವರಿಗೆ ಹೋಮ್‌ವರ್ಕ್ ಮಾಡಲು 'ಹೋಮ್' ಎಂಬುದೇ ಇರಲಿಲ್ಲ.

ಇಂದು ಜಾಗದ ಕಷ್ಟ ಪೂರ್ತಿ ತೀರಿಲ್ಲವಾದರೂ ಕೊಂಚ ಸಡಿಲಾಗಿದೆ. 2025ರ ಆಗಸ್ಟ್‌ನಲ್ಲಿ ವರ್ಲಿಯ ಬಿಡಿಡಿ ಚಾಳಿನ ಮೊದಲ ಕುಟುಂಬಗಳಿಗೆ 500 ಚದರ ಅಡಿಯ ಫ್ಲ್ಯಾಟ್‌ಗಳ ಕೀಲಿಕೈ ಸಿಕ್ಕಿತು. ಈಗಿನ ಕೊರತೆ ಹೊತ್ತಿನದು. ಡೊಂಬಿವಲಿ, ನಾಲಾಸೋಪಾರ, ವಿರಾರ್ ಕಡೆಯ ಒನ್ ಬಿಎಚ್‌ಕೆ ಮನೆಗಳಲ್ಲಿ ಅಪ್ಪ ಅಮ್ಮ ಲೋಕಲ್‌ನಿಂದ ಇಳಿದು, ತರಕಾರಿ ಹಿಡಿದು ಬಾಗಿಲು ತೆರೆಯುವಾಗ ಎಂಟೂವರೆ. ಕುಕ್ಕರ್ ಇಟ್ಟು ಮಗುವಿನ ಬ್ಯಾಗ್ ತೆರೆಯುವಾಗ ಒಂಬತ್ತು. ಡೈರಿಯಲ್ಲಿ ಬರೆಯದ್ದನ್ನು ತಾಯಂದಿರ ವಾಟ್ಸಾಪ್ ಗ್ರೂಪಿನಲ್ಲಿ ಹುಡುಕುತ್ತಾ ಒಂಬತ್ತೂಕಾಲು. ಮಗು ಆಕಳಿಸುತ್ತದೆ, ಅಮ್ಮನ ದನಿ ಏರುತ್ತದೆ. ತಪ್ಪು ಬರೆದದ್ದನ್ನು ಅಳಿಸಿ ಅಳಿಸಿ ಹಾಳೆ ತೂತು ಬೀಳುತ್ತದೆ. ಅಷ್ಟರಲ್ಲಿ ಹೋಮ್‌ವರ್ಕ್ ಯಾರದೆಂಬುದೇ ಎಲ್ಲರಿಗೂ ಮರೆತಿರುತ್ತದೆ.

ಈ ಜಗಳಕ್ಕೆ ಮಗುವಿನ ಸೋಮಾರಿತನವಾಗಲಿ, ತಾಯಿಯ ಮುಂಗೋಪವಾಗಲಿ ಮುಖ್ಯ ಕಾರಣವಲ್ಲ. ದಣಿದ ಇಬ್ಬರನ್ನು ದಿನದ ಅತ್ಯಂತ ಕೆಟ್ಟ ಹೊತ್ತಿನಲ್ಲಿ ಎದುರುಬದುರು ಕೂರಿಸಿದರೆ ಇನ್ನೇನಾದೀತು?

ಎಷ್ಟು ಹೋಮ್‌ವರ್ಕ್ ಸರಿ?

ಮಕ್ಕಳ ಈ ಹೊರೆಯ ಬಗ್ಗೆ ಸಂಸತ್ತಿನಲ್ಲಿ ಗಟ್ಟಿಯಾಗಿ ಮಾತಾಡಿದವರು ಮೈಸೂರಿನ ಆರ್.ಕೆ. ನಾರಾಯಣ್. ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಅವರು 1989ರ ತಮ್ಮ ಚೊಚ್ಚಲ ಭಾಷಣವನ್ನು ಶಾಲಾ ಬ್ಯಾಗಿನ ಭಾರಕ್ಕೇ ಮೀಸಲಿಟ್ಟರು. ಶಾಲೆಯಿಂದ ಬಂದ ಮಗುವನ್ನು ಮನೆಯಲ್ಲೂ ಪಾಠವೇ ಕಾದು ಕೂತಿರುತ್ತದೆ ಎಂಬ ಸಂಕಟ ಅದರಲ್ಲಿತ್ತು. ಆಮೇಲೆ ಪ್ರೊ. ಯಶಪಾಲ್ ಸಮಿತಿ ನೇಮಕವಾಗಿ, 1993ರಲ್ಲಿ ಹೊರೆಯಿಲ್ಲದ ಕಲಿಕೆಯ ಕುರಿತು ವರದಿ ಕೊಟ್ಟಿತು. 2018ರಲ್ಲಿ ಮದ್ರಾಸ್ ಹೈಕೋರ್ಟ್ 1 ಮತ್ತು 2ನೇ ತರಗತಿಯವರಿಗೆ ಹೋಮ್‌ವರ್ಕ್ ಕೊಡಕೂಡದೆಂದು ಆದೇಶಿಸಿತು.

ಕೇಂದ್ರ ಶಿಕ್ಷಣ ಸಚಿವಾಲಯದ 2020ರ ಶಾಲಾ ಬ್ಯಾಗ್ ನೀತಿಯಲ್ಲಿ ಲೆಕ್ಕ ಇನ್ನೂ ಸ್ಪಷ್ಟವಾಗಿದೆ. 2ನೇ ತರಗತಿಯವರೆಗೆ ಹೋಮ್‌ವರ್ಕ್ ಬೇಡ. 3ರಿಂದ 5ನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. 6ರಿಂದ 8ಕ್ಕೆ ದಿನಕ್ಕೆ 1 ಗಂಟೆ ಮೀರಬಾರದು, 9ರಿಂದ ಮೇಲಕ್ಕೆ ದಿನಕ್ಕೆ 2 ಗಂಟೆ. ನಾಲ್ಕನೇ ತರಗತಿಯ ಮಗುವಿನ ವಾರದ 2 ಗಂಟೆಯನ್ನು ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ನಿಮಿಷ. ನಮ್ಮ ಮನೆಗಳಲ್ಲಿ ಬ್ಯಾಗ್ ತೆರೆದು, ಪೆನ್ಸಿಲ್ ಚೂಪು ಮಾಡಿ, ಬೈಸಿಕೊಳ್ಳುವುದಕ್ಕೇ ಅಷ್ಟು ಹೊತ್ತು ಹೋಗುತ್ತದೆ.

ಹೋಮ್‌ವರ್ಕ್ ಹೆಚ್ಚಾದಷ್ಟೂ ಬುದ್ಧಿ ಬಲಿಯುತ್ತದೆ ಎಂಬ ನಂಬಿಕೆಗೂ ಆಧಾರ ತೆಳು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಈ ಕುರಿತ ಅಧ್ಯಯನಗಳನ್ನು 2006ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಹೋಮ್‌ವರ್ಕಿಗೂ ಅಂಕಗಳಿಗೂ ಇರುವ ನಂಟು ಹೈಸ್ಕೂಲಿನಲ್ಲಿ ಗಟ್ಟಿಯಾಗಿ ಕಂಡಿತು, ಪ್ರಾಥಮಿಕ ತರಗತಿಗಳಲ್ಲಿ ಬಹಳ ದುರ್ಬಲವಾಗಿತ್ತು. ಚಿಕ್ಕ ಮಕ್ಕಳ ವಿಷಯದಲ್ಲಿ ರಾತ್ರಿ ಹತ್ತರವರೆಗೆ ಗುದ್ದಾಡುವುದರಿಂದ ನಿದ್ದೆ ಕೆಡುತ್ತದೆಯೇ ಹೊರತು ಲಾಭವಿಲ್ಲ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆಯ ನಿದ್ದೆ ಬೇಕೆನ್ನುತ್ತಾರೆ ನಿದ್ರಾತಜ್ಞರು.

ಶಿಫ್ಟ್ ನೋಡಿ ಹೊತ್ತು ಗೊತ್ತುಮಾಡಿ

ಮುಂಬಯಿಯ ಎಷ್ಟೋ ಶಾಲೆಗಳು ಎರಡು ಶಿಫ್ಟಿನಲ್ಲಿ ನಡೆಯುತ್ತವೆ. ಬೆಳಗಿನ ಪಾಳಿಯ ಮಗು ಮಧ್ಯಾಹ್ನವೇ ಮನೆಗೆ ಬಂದಿರುತ್ತದೆ. ಊಟ, ಒಂದು ಸಣ್ಣ ನಿದ್ದೆ, ಆಮೇಲೆ ನಾಲ್ಕರ ಹೊತ್ತಿಗೆ ಹೋಮ್‌ವರ್ಕ್. ಸೊಸೈಟಿಯ ಕಾಂಪೌಂಡಿನಲ್ಲಿ ಮಕ್ಕಳ ಗಲಾಟೆ ಶುರುವಾಗುವ ಮೊದಲು ಮುಗಿದರೆ ಆಟವೇ ಅದಕ್ಕೆ ಬಹುಮಾನ. ಮಧ್ಯಾಹ್ನದ ಪಾಳಿಯವರದು ತದ್ವಿರುದ್ಧ. ಅವರು ಸಂಜೆ ಆರಕ್ಕೋ ಏಳಕ್ಕೋ ಸುಸ್ತಾಗಿ ಬರುತ್ತಾರೆ. ಅವರ ಪುಸ್ತಕವನ್ನು ರಾತ್ರಿ ತೆರೆಸಬೇಡಿ. ಬೆಳಿಗ್ಗೆ ಎದ್ದು ಹಾಲು ಕುಡಿದ ಮೇಲಿನ ಅರ್ಧ ಗಂಟೆ ಅವರಿಗೆ ಚಿನ್ನ. ಮಹಾರಾಷ್ಟ್ರ ಸರ್ಕಾರ 4ನೇ ತರಗತಿಯವರೆಗಿನ ಶಾಲೆಗಳು ಬೆಳಿಗ್ಗೆ 9ಕ್ಕೆ ಮೊದಲು ಶುರುವಾಗಬಾರದೆಂದು 2024ರಲ್ಲಿ ಆದೇಶಿಸಿದ್ದೂ ಮಕ್ಕಳ ನಿದ್ದೆಯ ಕಾರಣಕ್ಕೇ.

ಅಪ್ಪ ಅಮ್ಮ ಬರುವ ಮೊದಲೇ ಹೋಮ್‌ವರ್ಕ್ ಮುಗಿದಿರಬೇಕು, ಬಂದ ಮೇಲೆ ತೋರಿಸಿದರೆ ಸಾಕು ಎಂಬ ಪದ್ಧತಿ ಮಾಡಿಕೊಳ್ಳಿ. ಮನೆಯಲ್ಲಿ ಅಜ್ಜಿಯೋ ಅಕ್ಕನೋ ಇದ್ದರೆ ಅವರು ಹತ್ತಿರ ಕೂತರಾಯಿತು, ಕಲಿಸಬೇಕಾಗಿಲ್ಲ. ಪ್ರತ್ಯೇಕ ಕೋಣೆ ಇಲ್ಲದಿದ್ದರೂ ಮಗುವಿಗೆ ದಿನವೂ ಅದೇ ಮೂಲೆ, ಅದೇ ಚಾಪೆ ಇರಲಿ. ಆ ಅರ್ಧ ಗಂಟೆ ಟಿವಿ ಬಂದ್, ದೊಡ್ಡವರ ಮೊಬೈಲ್ ಕೂಡ ಕೆಳಗೆ. ಕಷ್ಟದ ವಿಷಯ ಮೊದಲು, ಸುಲಭದ್ದು ಕೊನೆಗೆ. ಚಿಕ್ಕವರಿಗೆ ಹದಿನೈದು ನಿಮಿಷಕ್ಕೊಮ್ಮೆ ಎದ್ದು ನೀರು ಕುಡಿದು ಬರಲು ಬಿಡಿ.

ರಬ್ಬರ್ ಮಗುವಿನ ಕೈಯಲ್ಲೇ ಇರಲಿ

ಹೆತ್ತವರು ಮಾಡುವ ದೊಡ್ಡ ಉಪಕಾರವೇ ಕೆಲವೊಮ್ಮೆ ದೊಡ್ಡ ಅಪಕಾರ. ಮಗು ಭಾಗಾಕಾರದಲ್ಲಿ ಶೇಷ ಬಿಟ್ಟಿದೆ ಎನ್ನಿ. ಅಮ್ಮ ಅದನ್ನು ಅಳಿಸಿ, ತಾನೇ ಹೇಳಿ ಬರೆಸುತ್ತಾಳೆ. ಮರುದಿನ ಟೀಚರ್‌ಗೆ ಕಾಣುವುದು ತಪ್ಪಿಲ್ಲದ ಪುಟ. ಮಗುವಿಗೆ ಭಾಗಾಕಾರ ಬಂದಿಲ್ಲವೆಂದು ಅವರಿಗೆ ಗೊತ್ತಾಗುವುದು ಹೇಗೆ? ಯೂನಿಟ್ ಟೆಸ್ಟಿನಲ್ಲಿ ಅಂಕ ಕಡಿಮೆಯಾದಾಗ ಮಾತ್ರ. ತಪ್ಪನ್ನು ತಪ್ಪಾಗಿಯೇ ಶಾಲೆಗೆ ಹೋಗಲು ಬಿಡಿ. 'ಇದೊಂದು ಲೆಕ್ಕ ಇನ್ನೊಮ್ಮೆ ನೋಡು ಮಗಾ' ಎಂದು ಒಮ್ಮೆ ಹೇಳಿ. ಗೊತ್ತಾಗದಿದ್ದರೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ ಕಳಿಸಿ.

ಗಣಿತವೆಂದರೆ ಹೆದರುವ ಹೆತ್ತವರು ಇನ್ನಷ್ಟು ಎಚ್ಚರವಾಗಿರಬೇಕು. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 1 ಮತ್ತು 2ನೇ ತರಗತಿಯ ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದಿದು: ಗಣಿತದ ಭಯವಿರುವ ತಂದೆತಾಯಿ ಪದೇ ಪದೇ ಹೋಮ್‌ವರ್ಕಿಗೆ ನೆರವಾದಾಗ ಮಕ್ಕಳು ಆ ವರ್ಷ ಗಣಿತ ಕಲಿತದ್ದು ಕಡಿಮೆ, ಭಯ ಮಾತ್ರ ಅವರಿಗೂ ಅಂಟಿತು. ಅಂಥವರೇ ಹೆಚ್ಚು ಕೈಹಾಕದಿದ್ದ ಮನೆಗಳಲ್ಲಿ ಈ ತೊಂದರೆ ಕಾಣಲಿಲ್ಲ.

ಮರಾಠಿ ಬಾರದಿದ್ದರೇನು?

ಮುಂಬಯಿ ಕನ್ನಡಿಗರ ಮನೆಯ ಕಷ್ಟವೊಂದು ಬೆಂಗಳೂರಿನವರಿಗೆ ತಿಳಿಯದು. ಮನೆಯಲ್ಲಿ ತುಳು ಅಥವಾ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಜೊತೆಗೆ ಹಿಂದಿ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಊರಿನ ಕನ್ನಡ ಶಾಲೆಯಲ್ಲಿ ಓದಿ ಮದುವೆಯಾಗಿ ಬಂದ ತಾಯಿ, ಮಗನ ಮರಾಠಿ ಪುಸ್ತಕ ಕಂಡರೆ ತಾನೇ ಫೇಲಾದಂತೆ ಕುಗ್ಗುತ್ತಾಳೆ. ಕೂಡಲೇ ಬಿಲ್ಡಿಂಗಿನ ಕೆಳಗಿನ ಟ್ಯೂಷನ್‌ಗೆ ಫೀಸು ಕಟ್ಟುತ್ತಾಳೆ. ಅಲ್ಲಿ ಇಪ್ಪತ್ತು ಮಕ್ಕಳ ನಡುವೆ ನಡೆಯುವುದು ಬಹುಮಟ್ಟಿಗೆ ಉತ್ತರ ನಕಲು ಮಾಡಿಸುವ ಕೆಲಸ.

ಅದರ ಬದಲು ಮಗನನ್ನೇ ಮೇಷ್ಟ್ರಾಗಿಸಿ. 'ಈ ಪಾಠದಲ್ಲಿ ಏನಿದೆ, ನನಗೆ ಕನ್ನಡದಲ್ಲಿ ಹೇಳು' ಎನ್ನಿ. ಓದಿದ್ದನ್ನು ಮನೆಮಾತಿನಲ್ಲಿ ಹೇಳಬಲ್ಲ ಮಗುವಿಗೆ ಪಾಠ ಅರ್ಥವಾಗಿದೆ. ಹೇಳಲು ತಡವರಿಸಿದ ಕಡೆಯೇ ಅದಕ್ಕೆ ಅರ್ಥವಾಗದ ಜಾಗ. ಲಿಪಿ ಬಾರದ ಅಜ್ಜಿಯೂ ಈ ಕೆಲಸ ಮಾಡಬಹುದು. ಮಗ್ಗಿ ಕೇಳುವುದಕ್ಕಂತೂ ಅಜ್ಜನಿಗಿಂತ ಒಳ್ಳೆಯ ಕಿವಿ ಯಾವುದಿದೆ! ಹತ್ತು ನಿಮಿಷ ಹೀಗೆ ಕೇಳಿಸಿಕೊಂಡರೆ ಪಾಠವೂ ಗಟ್ಟಿಯಾಗುತ್ತದೆ, ಮಗುವಿನ ನಾಲಿಗೆಯ ಮೇಲೆ ಕನ್ನಡವೂ ಉಳಿಯುತ್ತದೆ.

ಪ್ರೊಜೆಕ್ಟ್‌ಗಳ ಬಗ್ಗೆ ಒಂದೇ ಮಾತು. ಸ್ಟೇಷನರಿ ಅಂಗಡಿಯಿಂದ ಚಿತ್ರ ತಂದು, ಚಾರ್ಟ್ ಪೇಪರಿಗೆ ಅಂಟಿಸಿ, ರಾತ್ರಿ ಹನ್ನೊಂದಕ್ಕೆ ಅಮ್ಮ ಸ್ಕೆಚ್ ಪೆನ್ನಿನಿಂದ ಬಾರ್ಡರ್ ಎಳೆದ ಪ್ರೊಜೆಕ್ಟಿಗೆ ಬರುವ ಸ್ಟಾರ್ ಅಮ್ಮನದು. ವಕ್ರವಾಗಿ ಅಂಟಿಸಿದರೂ ಮಗುವೇ ಅಂಟಿಸಲಿ.

ಶಾಲೆಗೆ ಹೇಳಿ

ಮನೆಯವರು ಎಷ್ಟೇ ಶಿಸ್ತು ಮಾಡಿಕೊಂಡರೂ ಹೊರೆಯೇ ಹೆಚ್ಚಿದ್ದರೆ ಉಪಯೋಗವಿಲ್ಲ. ನಿಗದಿತ ಹೊತ್ತು ಮುಗಿದ ಕೂಡಲೇ ಪುಸ್ತಕ ಮುಚ್ಚಿಸಿ, ಡೈರಿಯಲ್ಲಿ ಎರಡು ಸಾಲು ಬರೆಯಿರಿ: 'ಅರ್ಧ ಗಂಟೆ ಕೂತಿದ್ದಾಳೆ, ಇಷ್ಟು ಮುಗಿದಿದೆ, ಮೂರನೇ ಪ್ರಶ್ನೆ ಅರ್ಥವಾಗಿಲ್ಲ.' ಒಂದು ತರಗತಿಯ ಹತ್ತು ಮನೆಗಳಿಂದ ಇಂಥ ಸಾಲು ಹೋದರೆ ಟೀಚರ್‌ಗೆ ತಾವು ಕೊಟ್ಟದ್ದು ಎಷ್ಟಾಯಿತೆಂದು ತಿಳಿಯುತ್ತದೆ. ಒಂದೊಂದು ವಿಷಯದ ಟೀಚರ್ ಸ್ವಲ್ಪವೇ ಕೊಟ್ಟಿರುತ್ತಾರೆ. ಐದು ಮಂದಿಯದು ಸೇರಿ ಗುಡ್ಡವಾಗುವುದು ಅವರಿಗೂ ಗೊತ್ತಿರುವುದಿಲ್ಲ.

ಮುಂದಿನ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಅಂಕಪಟ್ಟಿ ನೋಡಿ ಸಹಿ ಹಾಕಿ ಎದ್ದು ಬರಬೇಡಿ. 2020ರ ನೀತಿಯ ಗಂಟೆಗಳ ಲೆಕ್ಕವನ್ನು ಬರೆದುಕೊಂಡು ಹೋಗಿ. ನೀತಿ ಮಾರ್ಗದರ್ಶಿಯಷ್ಟೇ, ಅದಕ್ಕೆ ಕಾನೂನಿನ ಬಲವಿಲ್ಲ ನಿಜ. ಆದರೆ ಹೆತ್ತವರು ಒಟ್ಟಾಗಿ ವಿನಯದಿಂದ ಕೇಳಿದರೆ ತಳ್ಳಿಹಾಕುವುದು ಯಾವ ಶಾಲೆಗೂ ಸುಲಭವಲ್ಲ. ನಾಲ್ಕು ಮನೆಯವರು ಮೊದಲೇ ಮಾತಾಡಿಕೊಂಡು ಒಟ್ಟಿಗೆ ಹೋಗಿ, ಕೇಳಿ.