ಹನ್ನೆರಡು ವೋಲ್ಟಿಗೆ ಯಾಕಿಷ್ಟು ದಪ್ಪ ತಂತಿ?

ಹತ್ತನೇ ತರಗತಿಗೆ ವಿದ್ಯುತ್ ಸಾಮರ್ಥ್ಯದ ಮಾದರಿ ಪಾಠ ಮಾಡುವಾಗ ನಾನು ಪಠ್ಯಪುಸ್ತಕದ ಇಸ್ತ್ರಿಪೆಟ್ಟಿಗೆಯ ಲೆಕ್ಕ ಬಿಟ್ಟು ನಮ್ಮ ಭಾವನ ಗಾಡಿಯ ಲೆಕ್ಕ ತೆಗೆದುಕೊಂಡೆ. ಭಾವ ಒಂದು ಹಳೆಯ ಟೆಂಪೋ ಟ್ರಾವೆಲರನ್ನು ಮೋಟರ್‌ಹೋಂ ಮಾಡಿಸಿದ್ದಾರೆ. ಹಿಂದೆ ಮಲಗುವ ಜಾಗ, ಬಾಗಿಲ ಪಕ್ಕ ಪುಟ್ಟ ಅಡುಗೆಕಟ್ಟೆ. ಮೊದಲಿದ್ದ 600 ವ್ಯಾಟಿನ ಇನ್ವರ್ಟರಿನಲ್ಲಿ ಫ್ಯಾನು, ದೀಪ, ಮೊಬೈಲ್ ಚಾರ್ಜರು ನಡೆಯುತ್ತಿದ್ದವು. ಅಕ್ಕನಿಗೆ ಇಂಡಕ್ಷನ್ ಒಲೆಯೂ ಬೇಕಾಯಿತು. ಭಾವ 2000 ವ್ಯಾಟಿನ ಇನ್ವರ್ಟರ್ ತಂದು, ಹಳೆಯದನ್ನು ಬಿಚ್ಚಿ, ಅದೇ ತಂತಿಗಳಿಗೆ ಹೊಸದನ್ನು ಜೋಡಿಸಿದರು.

ಒಲೆ ಹಚ್ಚಿದ ಅರ್ಧ ನಿಮಿಷಕ್ಕೆ ಇನ್ವರ್ಟರ್ ಕೂಗಿಕೊಂಡು ಆರಿಹೋಗುತ್ತಿತ್ತು. ಬ್ಯಾಟರಿ ಹೋಗಿದೆ ಎಂದರು ಎಲ್ಲರೂ. ಹೊಸ ಬ್ಯಾಟರಿ ಬಂತು, ಅದೇ ಕೂಗು. ನಾನು ಹೋಗಿ ಬ್ಯಾಟರಿಯಿಂದ ಬರುವ ತಂತಿ ಮುಟ್ಟಿದೆ. ಕೈ ಇಡಲಾಗದಷ್ಟು ಬಿಸಿ, ಮೇಲಿನ ಹೊದಿಕೆ ಮೆತ್ತಗಾಗಿತ್ತು. ನಡುವೆ ಇದ್ದ ಫ್ಯೂಸು ಎರಡು ಸಲ ಹೋಯಿತೆಂದು ಯಾರೋ ಅದನ್ನು ಕಿತ್ತು ನೇರ ಸೇರಿಸಿದ್ದರು. ಆ ತಂತಿ ಹಾಸಿಗೆಯ ಅಡಿಯಲ್ಲೇ ಹಾದುಹೋಗಿತ್ತು.

ಈ ಕತೆ ಹೇಳಿ ತರಗತಿಯಲ್ಲಿ ಮೊದಲ ಪ್ರಶ್ನೆ ಕೇಳಿದೆ: ಒಲೆ 1800 ವ್ಯಾಟ್ ಬಳಸಿದರೆ ಎಷ್ಟು ಪ್ರವಾಹ? ಸಾಮರ್ಥ್ಯವನ್ನು ವಿಭವಾಂತರದಿಂದ ಭಾಗಿಸಿ 7.8 ಆಂಪೀರ್ ಎಂದು ಮಕ್ಕಳು ಬೇಗನೆ ಹೇಳಿದರು. ಸರಿಯುತ್ತರ. ಆದರೆ ಅದು ಒಲೆಯ ಕಡೆಯ, 230 ವೋಲ್ಟಿನ ಉತ್ತರ. ಇನ್ವರ್ಟರಿನಲ್ಲೇ ಒಂದಷ್ಟು ಶಕ್ತಿ ಶಾಖವಾಗಿ ಹೋಗುವುದರಿಂದ ಬ್ಯಾಟರಿ ಸುಮಾರು 2000 ವ್ಯಾಟ್ ಕೊಡಬೇಕು. ಅದನ್ನು 12ರಿಂದ ಭಾಗಿಸಿದರೆ 167 ಆಂಪೀರ್. ಕಪ್ಪು ಹಲಗೆಯ ಮೇಲೆ ಎರಡೂ ಸಂಖ್ಯೆ ಅಕ್ಕಪಕ್ಕ ಬರೆದಾಗ ತರಗತಿ ಗುಸುಗುಸು ಎಂದಿತು.

ಆಗ ಎರಡನೇ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಒಲೆಯ ವೈರು ತೆಳ್ಳಗಿರುತ್ತೆ, ಅದರಲ್ಲಿ 230 ವೋಲ್ಟ್. ಬ್ಯಾಟರೀಲಿ ಬರೀ 12. ಅದಕ್ಕೆ ಯಾಕೆ ದಪ್ಪ ವೈರು? ಜಾಸ್ತಿ ವೋಲ್ಟೇ ಅಲ್ವಾ ಅಪಾಯ?" ನಾನು ಸೂತ್ರವನ್ನು ಮತ್ತೊಮ್ಮೆ ಬರೆದು ತೋರಿಸಿದೆ. ಅವಳು ಕುಳಿತಳು. ಪಾಠ ಮುಗಿದ ಮೇಲೆ ಒಬ್ಬ ಪ್ರಶಿಕ್ಷಣಾರ್ಥಿಯ ಅವಲೋಕನ ಪುಸ್ತಕ ತೆರೆದರೆ, "ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ" ಎಂದು ಬರೆದಿತ್ತು. ಬರೆದದ್ದು ನಿಜ. ಲೆಕ್ಕದಿಂದ ಹುಟ್ಟಿದ ಅನುಮಾನಕ್ಕೆ ನಾನು ಅದೇ ಲೆಕ್ಕವನ್ನೇ ಉತ್ತರವಾಗಿ ಕೊಟ್ಟಿದ್ದೆ.

ಮರುದಿನ ಐದು ಮೀಟರ್ ಉದ್ದದ, 0.5 ಚದರ ಮಿಲಿಮೀಟರಿನ ಎರಡೆಳೆಯ ವೈರು, ಕಾರಿನ ಬ್ಯಾಟರಿ ಮತ್ತು ಎರಡು ಬಲ್ಬು ಒಯ್ದೆ. ಒಂದು 12 ವೋಲ್ಟಿನ ಹೆಡ್‌ಲೈಟ್ ಬಲ್ಬು, ಇನ್ನೊಂದು ಮನೆಯಲ್ಲಿ ಉರಿಸುತ್ತಿದ್ದ ತಂತಿ ಬಲ್ಬು. ಎರಡೂ 60 ವ್ಯಾಟ್. ಮನೆಯ ಬಲ್ಬನ್ನು ಆ ವೈರಿನ ತುದಿಗೆ ಜೋಡಿಸಿದಾಗ ಬೆಳಕಿನಲ್ಲಿ ವ್ಯತ್ಯಾಸವೇ ಇಲ್ಲ. (ಈ ಜೋಡಣೆಯನ್ನು ನಾನೇ ಮಾಡಿದೆ. 230 ವೋಲ್ಟನ್ನು ಮಕ್ಕಳ ಕೈಗಾಗಲಿ, ಮೊದಲ ಪಾಠದ ಪ್ರಶಿಕ್ಷಣಾರ್ಥಿಯ ಕೈಗಾಗಲಿ ಕೊಡಬಾರದು.) ಹೆಡ್‌ಲೈಟ್ ಬಲ್ಬನ್ನು ಮೊದಲು ಬ್ಯಾಟರಿಗೆ ಹತ್ತಿರದಿಂದ, ಆಮೇಲೆ ಅದೇ ಉದ್ದ ವೈರಿನ ಮೂಲಕ ಉರಿಸಿದೆ. ಎರಡನೇ ಸಲ ಬೆಳಕು ಕಣ್ಣಿಗೆ ಕಾಣುವಷ್ಟು ಮಂಕಾಯಿತು. ಆ ಹುಡುಗಿಯೇ ಮಲ್ಟಿಮೀಟರ್ ಹಿಡಿದು ಎರಡೂ ತುದಿಯಲ್ಲಿ ಅಳೆದಳು. ಒಂದೂವರೆ ವೋಲ್ಟಿನಷ್ಟು ದಾರಿಯಲ್ಲೇ ಕಾಣೆಯಾಗಿತ್ತು. "ವೈರೇ ತಿಂದುಬಿಡ್ತು" ಎಂದಳು. ನನ್ನ ಹಿಂದಿನ ದಿನದ ವಿವರಣೆಗಿಂತ ಇದು ಚೆನ್ನಾಗಿತ್ತು.

ಅವಳ ಪ್ರಶ್ನೆ ಪೂರ್ತಿ ತಪ್ಪೂ ಆಗಿರಲಿಲ್ಲ. ಹೆಚ್ಚು ವೋಲ್ಟಿಗೆ ಬೇಕಾದದ್ದು ಒಳ್ಳೆಯ ಹೊದಿಕೆ, ಹೆಚ್ಚು ಆಂಪೀರಿಗೆ ಬೇಕಾದದ್ದು ಒಳಗಿನ ತಾಮ್ರ. ನಾವು ಶಿಕ್ಷಕರು ಇವೆರಡನ್ನೂ "ದಪ್ಪ ತಂತಿ" ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದ ಈ ಗೊಂದಲ ಹುಟ್ಟುತ್ತದೆ.

ಇದಾದ ಮೇಲೆ ಭಾವನ ತಂತಿಯ ಲೆಕ್ಕ ಸಲೀಸಾಯಿತು. ಅದು 10 ಚದರ ಮಿಲಿಮೀಟರ್ ತಾಮ್ರ, ಹೋಗಿಬರುವ ಒಟ್ಟು ಉದ್ದ 6 ಮೀಟರ್. ರೋಧಶೀಲತೆಯಿಂದ ಲೆಕ್ಕ ಹಾಕಿದರೆ ರೋಧ 0.01 ಓಮ್‌ಗಿಂತ ತುಸು ಹೆಚ್ಚು. "ಇಷ್ಟೇನಾ ಸರ್" ಎಂದರು. 167 ಆಂಪೀರಿನಿಂದ ಗುಣಿಸಿ ಎಂದೆ: ದಾರಿಯಲ್ಲಿ ಕಳೆದದ್ದು 1.7 ವೋಲ್ಟ್. ಪ್ರವಾಹದ ವರ್ಗದಿಂದ ಗುಣಿಸಿದರೆ ತಂತಿಯಲ್ಲಿ ಹುಟ್ಟುವ ಶಾಖ ಸುಮಾರು 290 ವ್ಯಾಟ್, ಅದೂ ಹಾಸಿಗೆಯ ಅಡಿಯಲ್ಲಿ. ಬ್ಯಾಟರಿಯ ಬಳಿ 12 ವೋಲ್ಟ್ ಇದ್ದರೂ ಇನ್ವರ್ಟರಿಗೆ ತಲಪುವುದು 10.3. ಇಂಥ ಇನ್ವರ್ಟರುಗಳು ಸಾಮಾನ್ಯವಾಗಿ 10.5ರ ಆಸುಪಾಸಿನಲ್ಲಿ ಕೂಗಿ ನಿಲ್ಲುತ್ತವೆ. ಹೊಸ ಬ್ಯಾಟರಿಯ ದುಡ್ಡು ಸುಮ್ಮನೆ ಹೋಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ, ಚುರುಕಾದ ಮಕ್ಕಳಿಗೆ ಮಾತ್ರ ಹೇಳಿದೆ. ವೋಲ್ಟ್ ಇಳಿದರೆ ಸಾಮಾನ್ಯ ಬಲ್ಬು ಕಡಿಮೆ ಪ್ರವಾಹ ಎಳೆಯುತ್ತದೆ. ಇನ್ವರ್ಟರ್ ಹಾಗಲ್ಲ, ಒಲೆಗೆ ಕೊಡಬೇಕಾದ ವ್ಯಾಟ್ ಅಷ್ಟೇ ಇರುವುದರಿಂದ ಅದು ಇನ್ನೂ ಹೆಚ್ಚು ಆಂಪೀರ್ ಎಳೆಯುತ್ತದೆ, ತಂತಿ ಇನ್ನೂ ಕಾಯುತ್ತದೆ.

ರಿಪೇರಿಯಲ್ಲಿ ಇನ್ವರ್ಟರನ್ನು ಬ್ಯಾಟರಿಯ ಪಕ್ಕಕ್ಕೇ ತಂದೆವು. ಒಟ್ಟು ಉದ್ದ 2 ಮೀಟರಿಗೆ ಇಳಿಯಿತು, ತಂತಿ 70 ಚದರ ಮಿಲಿಮೀಟರಿಗೆ ಏರಿತು. ಅದೇ ಪ್ರವಾಹಕ್ಕೆ ಈಗ ಕಳೆಯುವುದು 0.1 ವೋಲ್ಟಿಗಿಂತ ಕಡಿಮೆ, ಶಾಖ 14 ವ್ಯಾಟ್. ಒಲೆಯ ಕಡೆಯ ಉದ್ದ ತಂತಿಯಲ್ಲಿ ಹರಿಯುವುದು 7.8 ಆಂಪೀರ್ ಮಾತ್ರ, ಗಾಡಿಯೊಳಗೆ ಅದು ಉದ್ದವಾದರೂ ಚಿಂತೆಯಿಲ್ಲ. ಬ್ಯಾಟರಿಯ ಧನ ತುದಿಗೆ ಅಂಟಿಕೊಂಡಂತೆ 250 ಆಂಪೀರಿನ ಫ್ಯೂಸ್ ಹಾಕಿದೆವು. ಫ್ಯೂಸಿನ ಕೆಲಸ ತಂತಿಯನ್ನು ಕಾಯುವುದು, ಹಾಗಾಗಿ ತಂತಿ ಶುರುವಾಗುವ ಕಡೆಯೇ ಅದಿರಬೇಕು. ಹಳೆಯ ಫ್ಯೂಸ್ ಎರಡು ಸಲ ಹೋದದ್ದು ದೋಷವಲ್ಲ, ಎಚ್ಚರಿಕೆ ಎಂದು ಭಾವನಿಗೆ ಹೇಳಬೇಕಾಯಿತು.

ಮನೆಗೆಲಸವಾಗಿ ಮಕ್ಕಳಿಗೆ ಕೊಟ್ಟದ್ದು ಒಂದೇ ಪ್ರಶ್ನೆ: 12 ವೋಲ್ಟ್, 150 ಆಂಪೀರ್-ಗಂಟೆಯ ಬ್ಯಾಟರಿಯಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆ? 1800 ವ್ಯಾಟ್-ಗಂಟೆ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 900. ಕಾಗದದ ಮೇಲೆ 27 ನಿಮಿಷ. ಬ್ಯಾಟರಿಯ ಮೇಲೆ ಬರೆದಿರುವ 150 ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದರೆ ಸಿಗುವ ಲೆಕ್ಕ. 167 ಆಂಪೀರ್ ಎಳೆದರೆ ಅಷ್ಟೂ ಸಿಗುವುದಿಲ್ಲ. ಹುಡುಗಿಯ ಪುಸ್ತಕದಲ್ಲಿ ಉತ್ತರದ ಕೆಳಗೆ ಹೀಗಿತ್ತು: "ಅನ್ನ ಆಗಬಹುದು, ಸಾರು ಆಗಲ್ಲ." ಅಕ್ಕನಿಗೆ ಓದಿ ಹೇಳಿದೆ. ಈಗ ಅವರು ಊರ ಹೊರಗೆ ಗಾಡಿ ನಿಲ್ಲಿಸಿದಾಗ ಗ್ಯಾಸ್ ಒಲೆ ಹಚ್ಚುತ್ತಾರೆ, ಪ್ಲಗ್ ಸಿಗುವ ಕಡೆ ಮಾತ್ರ ಇಂಡಕ್ಷನ್.