ಇಲಿಯ ರಕ್ತನಾಳ, ನಮ್ಮ ಹೃದಯ

ಹಾರ್ಟ್ ಅಟ್ಯಾಕ್ ಸುದ್ದಿ ಬಂದಾಗಲೆಲ್ಲ ಬ್ಲಾಕೇಜ್, ಸ್ಟೆಂಟ್ ಅಂತ ಮಾತಾಡ್ತೀವಿ. ಆದರೆ ಬ್ಲಾಕೇಜ್ ಶುರುವಾಗೋದು ಎಲ್ಲಿ? ರಕ್ತನಾಳದ ಒಳಗೋಡೆಯಲ್ಲಿ. ಅಲ್ಲಿ ಜೀವಕೋಶಗಳ ಒಂದೇ ಒಂದು ಪದರ ಇದೆ. ಹೆಸರು ಎಂಡೋಥೀಲಿಯಂ.

ಇದು ಬರೀ ಅಸ್ತರಿ ಅಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಇದನ್ನು ತೋರಿಸಿಕೊಟ್ಟರು. ಈ ಪದರ ಉಜ್ಜಿಹೋದರೆ, ಅಸಿಟೈಲ್‌ಕೋಲಿನ್ ಕೊಟ್ಟರೂ ರಕ್ತನಾಳ ಸಡಿಲವಾಗೋದಿಲ್ಲ. ಸಡಿಲಿಸುವ ಸಂದೇಶ ಹೊರಡೋದೇ ಈ ಪದರದಿಂದ. ಆ ಸಂದೇಶವೇ ನೈಟ್ರಿಕ್ ಆಕ್ಸೈಡ್. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು.

ಹಾಗಾದರೆ ಇದನ್ನು ಪರೀಕ್ಷೆ ಮಾಡೋದು ಹೇಗೆ? ಬದುಕಿರುವ ಮನುಷ್ಯನ ಹೃದಯದ ನಾಳ ಕೆರೆದು ನೋಡೋಕಾಗಲ್ಲ. ಅದಕ್ಕೇ ಲ್ಯಾಬ್‌ನ ಪುಟ್ಟ ಇಲಿ. ಇಲಿಯಲ್ಲಿ ಬೇಕಾದ ಒಂದೇ ಜೀನ್ ತೆಗೆದುಹಾಕಿ, ಏನು ಕೆಡುತ್ತೆ ಅಂತ ನೋಡಬಹುದು.

ಹೆಚ್ಚಾಗಿ ಬಳಸೋದು ಇಲಿಯ ಶ್ವಾಸಕೋಶ. ಅದರ ತುಂಬ ಸೂಕ್ಷ್ಮ ರಕ್ತನಾಳಗಳು. ಅಂಗಾಂಶವನ್ನು ಸಣ್ಣಗೆ ಕತ್ತರಿಸಿ, ಕೊಲಾಜಿನೇಸ್ ಎಂಬ ಕಿಣ್ವದಲ್ಲಿ ನೆನೆಸ್ತಾರೆ. ಅಂಟು ಬಿಟ್ಟು ಜೀವಕೋಶಗಳು ಬಿಡಿಬಿಡಿಯಾಗುತ್ತವೆ. ಆದರೆ ಅಲ್ಲಿ ಎಲ್ಲ ಜಾತಿಯ ಕೋಶಗಳೂ ಬೆರೆತಿರುತ್ತವೆ. ಅದರಲ್ಲೂ ಫೈಬ್ರೋಬ್ಲಾಸ್ಟ್ ಅನ್ನೋ ಕೋಶ ಹೊಲದ ಕಳೆ ಇದ್ದ ಹಾಗೆ. ಬಿಟ್ಟರೆ ಕೆಲವೇ ದಿನದಲ್ಲಿ ಬೆಳೆಯನ್ನೇ ನುಂಗಿಬಿಡುತ್ತೆ.

ಕಳೆ ಕೀಳೋದು ಹೇಗೆ? ಎಂಡೋಥೀಲಿಯಲ್ ಕೋಶದ ಮೈಮೇಲೆ ಸಿಡಿ31 ಎಂಬ ಗುರುತು ಇರುತ್ತೆ. ಅದನ್ನೇ ಹಿಡಿಯುವ ಆಂಟಿಬಾಡಿಯನ್ನು ಸಣ್ಣ ಕಾಂತೀಯ ಮಣಿಗಳಿಗೆ ಅಂಟಿಸಿ ಬೆರೆಸ್ತಾರೆ. ಪಕ್ಕದಲ್ಲಿ ಅಯಸ್ಕಾಂತ ಹಿಡಿದರೆ ಬೇಕಾದ ಕೋಶ ಉಳಿಯುತ್ತೆ, ಮಿಕ್ಕಿದ್ದು ತೊಳೆದುಹೋಗುತ್ತೆ. ಬೆಳೆದ ಮೇಲೆ ಐಕ್ಯಾಮ್-2 ಎಂಬ ಇನ್ನೊಂದು ಗುರುತಿನಿಂದ ಮತ್ತೆ ಜರಡಿ. ಜೆಲಾಟಿನ್ ಬಳಿದ ತಟ್ಟೆ, 37 ಡಿಗ್ರಿ ಶಾಖ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್. ಚೆನ್ನಾಗಿ ಬೆಳೆದರೆ ಕಲ್ಲುಹಾಸಿನ ಹಾಗೆ ಒತ್ತೊತ್ತಾಗಿ ಕೂರುತ್ತವೆ. ಆದರೆ ಹೆಚ್ಚು ದಿನ ಬೆಳೆಸಿದರೆ ಮೂಲ ಗುಣವನ್ನೇ ಬಿಡುತ್ತಾ ಹೋಗುತ್ತವೆ.

ಇದನ್ನೆಲ್ಲ ನಾನು ಯಾಕೆ ಹೇಳ್ತಿದೀನಿ? ತಟ್ಟೆಯಲ್ಲಿ ಕಳೆ ಉಳಿದಿದ್ದರೆ, ಔಷಧಿ ಕೆಲಸ ಮಾಡಿದ್ದು ಬೆಳೆಯ ಮೇಲೋ ಕಳೆಯ ಮೇಲೋ ಗೊತ್ತಾಗಲ್ಲ. ಶುದ್ಧವಾಗಿದ್ದರೂ ಅಷ್ಟೇ, ತಟ್ಟೆಯಲ್ಲಿ ರಕ್ತ ಹರಿಯಲ್ಲ, ಬಿಪಿ ಇಲ್ಲ, ಶುಗರ್ ಇಲ್ಲ. ಹಾಗಾಗಿ ನಾಳೆ ಯಾವುದೇ ಚಾನೆಲ್ ‘ಹೃದಯಕ್ಕೆ ಹೊಸ ಮದ್ದು’ ಅಂದಾಗ ಒಂದೇ ಪ್ರಶ್ನೆ ಕೇಳಿ: ತಟ್ಟೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ? ಉತ್ತರ ಸಿಗೋವರೆಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಮಾತ್ರ ನಿಲ್ಲಿಸಬೇಡಿ.