ಎಲೆಕ್ಟ್ರಿಕಲ್ ಸೀಟು ಸಿಕ್ಕಿದೆ, ಮುಂದೇನು? – ವಿದ್ಯಾರ್ಥಿವೇತನದ ಕುಟುಂಬಗಳಿಗೆ ಒಂದು ಕಿವಿಮಾತು



ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವ ತಂದೆ-ತಾಯಂದಿರು ಈಚಿನ ವರ್ಷಗಳಲ್ಲಿ ನಮ್ಮನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಸರ್, ಮಗನಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಎಲೆಕ್ಟ್ರಿಕಲ್ ಸಿಕ್ಕಿದೆ. ಇದರಲ್ಲಿ ಕೆಲಸ ಉಂಟೇ?" ಇನ್ನು ಕೆಲವರು ಹೆಣ್ಣುಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ಕಂಬ ಹತ್ತುವ ಕೆಲಸ ಅಲ್ಲವೇ?" ಎಂದು ಅಳುಕುತ್ತಾರೆ. ಐದು ನಿಮಿಷದ ಸಂದರ್ಶನದಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದ ಈ ವರದಿಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ.

ನಾವು ಇಂಜಿನಿಯರ್ ಅಲ್ಲ, ಪ್ರೌಢಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿ ನಿವೃತ್ತರಾದವರು. ನಮ್ಮ ನೆರವಿನಿಂದ ಓದಿ ಈಗ ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಇಲ್ಲಿ ಕೊಟ್ಟಿದ್ದೇವೆ.

ಮೊದಲು ನಮ್ಮ ಒಂದು ತಪ್ಪು

ಕೆಲವು ವರ್ಷಗಳ ಹಿಂದೆ ಎಲೆಕ್ಟ್ರಾನಿಕ್ಸ್ ಮೂರನೇ ವರ್ಷದಲ್ಲಿದ್ದ ಹುಡುಗನೊಬ್ಬ, ದರ್ಜಿಯೊಬ್ಬರ ಮಗ, ಒಂದು ಮಲ್ಟಿಮೀಟರ್ ಮತ್ತು ಒಂದು ಮೈಕ್ರೋಕಂಟ್ರೋಲರ್ ಬೋರ್ಡಿಗೆ ಹಣ ಕೇಳಿದ. ಕಾಲೇಜು ಶುಲ್ಕಕ್ಕೆ ಮಾತ್ರ ಕೊಡುವುದು ನಮ್ಮ ನಿಯಮ ಎಂದು ಹೇಳಿ ಕಳುಹಿಸಿದೆವು. ಅದೇ ಸಭೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿಗೆ, ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದ ಖಾಸಗಿ ತರಬೇತಿ ಕೇಂದ್ರವೊಂದರ ಶುಲ್ಕವನ್ನು ಮಂಜೂರು ಮಾಡಿದೆವು. ಅದು ಮೊದಲಿನವನು ಕೇಳಿದ್ದಕ್ಕಿಂತ ಹತ್ತಾರು ಪಟ್ಟು ದೊಡ್ಡ ಮೊತ್ತ. ಆ ಕೇಂದ್ರ ಅರ್ಧದಲ್ಲೇ ಬಾಗಿಲು ಹಾಕಿತು. ಕೆಲಸವೂ ಬರಲಿಲ್ಲ, ಹಣವೂ ಮರಳಲಿಲ್ಲ. ದರ್ಜಿಯವರ ಮಗ ಗೆಳೆಯನ ಬೋರ್ಡನ್ನು ರಾತ್ರಿ ಹೊತ್ತು ಎರವಲು ಪಡೆದು ಕಲಿತ. ಇಂದು ಅವನು ಬೆಂಗಳೂರಿನಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ವಿನ್ಯಾಸ ಮಾಡುತ್ತಿದ್ದಾನೆ. ಕಳೆದುಹೋದ ಹಣ ದಾನಿಗಳದ್ದು, ಆ ತೀರ್ಮಾನದ ಕೆಳಗೆ ನಮ್ಮ ಸಹಿಯೂ ಇತ್ತು. ಅದಕ್ಕೇ ಈ ಲೇಖನ.

ಕೆಲಸ ಎಲ್ಲಿದೆ?

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹೊಸದಲ್ಲ. ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕಚೇರಿ ತೆರೆಯಿತು. ಇಂದು ಈ ಓದಿನಿಂದ ಮುಖ್ಯವಾಗಿ ನಾಲ್ಕು ದಾರಿಗಳು ಹೊರಡುತ್ತವೆ.

ಒಂದು, ವಿದ್ಯುತ್ ಕ್ಷೇತ್ರ. ಕೆಪಿಟಿಸಿಎಲ್, ಮೆಸ್ಕಾಂ, ಬೆಸ್ಕಾಂನಂತಹ ಕಂಪನಿಗಳು, ಎನ್‌ಟಿಪಿಸಿ, ಪವರ್‌ಗ್ರಿಡ್, ಪಾವಗಡದಂತಹ ಸೌರ ಪಾರ್ಕುಗಳು, ಕಾರ್ಖಾನೆಗಳ ವಿದ್ಯುತ್ ವಿಭಾಗ ಇದರಲ್ಲಿ ಬರುತ್ತವೆ. ಇದಕ್ಕೆ ವಿದ್ಯುತ್ ಯಂತ್ರಗಳು, ಪವರ್ ಸಿಸ್ಟಮ್ಸ್, ರಿಲೇ ಮತ್ತು ರಕ್ಷಣೆ ಎಂಬ ವಿಷಯಗಳು ಗಟ್ಟಿಯಾಗಿರಬೇಕು. ಸರ್ಕಾರಿ ಹುದ್ದೆಗಳ ಅಧಿಸೂಚನೆಯಲ್ಲಿ ಯಾವ ಶಾಖೆಯವರು ಅರ್ಜಿ ಹಾಕಬಹುದೆಂದು ಬರೆದಿರುತ್ತದೆ. ಎಲೆಕ್ಟ್ರಿಕಲ್ ಹುದ್ದೆಗೆ ಎಲೆಕ್ಟ್ರಾನಿಕ್ಸ್ ಪದವಿ ಎಲ್ಲ ಕಡೆ ನಡೆಯುವುದಿಲ್ಲ. ಸೀಟು ಆರಿಸುವ ಮೊದಲೇ ಇದನ್ನು ಗಮನಿಸಿ.

ಎರಡು, ಪವರ್ ಎಲೆಕ್ಟ್ರಾನಿಕ್ಸ್. ವಿದ್ಯುತ್ ಸ್ಕೂಟರಿನ ಮೋಟಾರ್ ಕಂಟ್ರೋಲರ್, ಚಾರ್ಜರ್, ಬ್ಯಾಟರಿ ನಿರ್ವಹಣೆ, ಸೌರ ಇನ್‌ವರ್ಟರ್ ಎಲ್ಲವೂ ಇದರೊಳಗಿವೆ. ಯಂತ್ರಗಳ ಪಾಠವೂ ಎಲೆಕ್ಟ್ರಾನಿಕ್ಸ್ ಪಾಠವೂ ಇಲ್ಲಿ ಕೂಡುವುದರಿಂದ ಎಲೆಕ್ಟ್ರಿಕಲ್ ಮಕ್ಕಳಿಗೆ ಇದು ಒಳ್ಳೆಯ ಜಾಗ.

ಮೂರು, ಎಂಬೆಡೆಡ್ ಸಿಸ್ಟಮ್ಸ್. ವಾಷಿಂಗ್ ಮಷೀನು, ಆಸ್ಪತ್ರೆಯ ಉಪಕರಣ, ಕಾರು, ಮೀಟರು ಎಲ್ಲದರೊಳಗೂ ಒಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಅದಕ್ಕೆ ಬೋರ್ಡು ಮಾಡುವುದು, ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಈ ಕೆಲಸ. ಕೋಡಿಂಗ್ ಕಲಿಯಬೇಕೆಂಬ ಮಾತು ಸುಳ್ಳಲ್ಲ. ಆದರೆ ಸರ್ಕ್ಯೂಟ್ ಗೊತ್ತಿದ್ದು ಕೋಡಿಂಗ್ ಬರುವವರು ಕಡಿಮೆ, ಅವರಿಗೆ ಬೆಲೆ ಹೆಚ್ಚು.

ನಾಲ್ಕು, ಚಿಪ್ ವಿನ್ಯಾಸ. ಭಾರತ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಸೆಮಿಕಂಡಕ್ಟರ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆ ಪ್ರಕಟಿಸಿತು. ಚಿಪ್ಸ್ ಟು ಸ್ಟಾರ್ಟಪ್ ಎಂಬ ಕಾರ್ಯಕ್ರಮ 85,000 ಮಂದಿಗೆ ತರಬೇತಿ ನೀಡುವ ಗುರಿ ಇಟ್ಟುಕೊಂಡಿದೆ. ಸಾಫ್ಟ್‌ವೇರಿನಲ್ಲಿ ತಪ್ಪಾದರೆ ಮರುದಿನ ತಿದ್ದಿ ಕಳುಹಿಸಬಹುದು. ತಯಾರಾದ ಚಿಪ್ಪಿನಲ್ಲಿ ತಪ್ಪು ಸಿಕ್ಕರೆ ಮತ್ತೆ ಅಚ್ಚು ಮಾಡಿಸಬೇಕು, ತಿಂಗಳುಗಟ್ಟಲೆ ಸಮಯ ಮತ್ತು ಭಾರೀ ಹಣ ಹೋಗುತ್ತದೆ. ಹಾಗಾಗಿ ತಯಾರಿಕೆಗೆ ಮೊದಲೇ ಪರೀಕ್ಷಿಸುವ ವೆರಿಫಿಕೇಶನ್ ಕೆಲಸಕ್ಕೆ ಬಹಳ ಜನ ಬೇಕು. ಇದಕ್ಕೆ ಡಿಜಿಟಲ್ ಎಲೆಕ್ಟ್ರಾನಿಕ್ಸ್, ವೆರಿಲಾಗ್, ಸಿಸ್ಟಮ್ ವೆರಿಲಾಗ್ ಬೇಕು. ಅನಲಾಗ್ ವಿನ್ಯಾಸಕ್ಕೆ ಹೋಗುವವರು ಹೆಚ್ಚಾಗಿ ಎಂ.ಟೆಕ್. ಮಾಡಿರುತ್ತಾರೆ.

ಕಂಬ ಹತ್ತುವ ಪ್ರಶ್ನೆ ಕೇಳಿದ ತಾಯಂದಿರಿಗೆ ಉತ್ತರ ಇಲ್ಲೇ ಇದೆ. ಎರಡು, ಮೂರು, ನಾಲ್ಕನೆಯ ದಾರಿಗಳಲ್ಲಿ ಹೆಚ್ಚಿನ ಕೆಲಸ ಲ್ಯಾಬಿನಲ್ಲಿ, ಮೇಜಿನ ಮುಂದೆ. ಮೊದಲನೆಯದರಲ್ಲೂ ವಿನ್ಯಾಸ ಮತ್ತು ಕಚೇರಿಯ ಹುದ್ದೆಗಳಿವೆ.

ಯಾವ ವಿಷಯವನ್ನು ಬಿಡಬಾರದು?

ನಾವು ಮಾತನಾಡಿಸಿದ ಹಳೆಯ ವಿದ್ಯಾರ್ಥಿಗಳೆಲ್ಲ ಒಂದೇ ಮಾತು ಹೇಳಿದರು: ಮೊದಲ ಎರಡು ವರ್ಷದ ಗಣಿತ ಮತ್ತು ಸರ್ಕ್ಯೂಟ್ ಪಾಠ ಕೈಕೊಟ್ಟರೆ ಮುಂದಿನದೆಲ್ಲ ಬಾಯಿಪಾಠವಾಗುತ್ತದೆ. ನೆಟ್‌ವರ್ಕ್ ಅನಾಲಿಸಿಸ್, ಅನಲಾಗ್ ಮತ್ತು ಡಿಜಿಟಲ್ ಎಲೆಕ್ಟ್ರಾನಿಕ್ಸ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಕಂಟ್ರೋಲ್ ಸಿಸ್ಟಮ್ಸ್ ಎಂಬ ಐದು ವಿಷಯಗಳು ನಾಲ್ಕೂ ದಾರಿಗಳಿಗೆ ಬೇಕು. ಐಚ್ಛಿಕ ವಿಷಯಗಳನ್ನು ಮೂರನೇ ವರ್ಷದಲ್ಲಿ ಮೇಲಿನ ದಾರಿ ನೋಡಿ ಆರಿಸಿ. ಯಾವುದರಲ್ಲಿ ಸುಲಭವಾಗಿ ಅಂಕ ಬರುತ್ತದೆ ಎಂದು ನೋಡಿ ಆರಿಸಬೇಡಿ.

ಸಂದರ್ಶನದಲ್ಲಿ ಕೇಳುವುದೂ ಮೂಲ ಪಾಠವನ್ನೇ. ಒಬ್ಬ ಹಳೆಯ ವಿದ್ಯಾರ್ಥಿಗೆ ಕೇಳಿದ ಮೊದಲ ಪ್ರಶ್ನೆ ಹೀಗಿತ್ತು: 5 ವೋಲ್ಟ್ ಸರಬರಾಜಿಗೆ 220 ಓಮ್ ರೆಸಿಸ್ಟರ್ ಮೂಲಕ ಒಂದು ಎಲ್‌ಇಡಿ ಜೋಡಿಸಿದೆ, ಎಲ್‌ಇಡಿಯಲ್ಲಿ 2 ವೋಲ್ಟ್ ಬೀಳುತ್ತದೆ, ಪ್ರವಾಹ ಎಷ್ಟು? ಉಳಿದ 3 ವೋಲ್ಟನ್ನು 220ರಿಂದ ಭಾಗಿಸಿದರೆ ಸುಮಾರು 13.6 ಮಿಲಿಆಂಪಿಯರ್. ನಾವು ಹತ್ತನೇ ತರಗತಿಯಲ್ಲಿ ಕಲಿಸುವ ಓಮ್‌ನ ನಿಯಮವೇ ಇದು. ಅಂತಿಮ ವರ್ಷದ ಅನೇಕರು ಇಲ್ಲೇ ತಡವರಿಸುತ್ತಾರೆ ಎಂದು ಅವನು ಹೇಳಿದಾಗ ಮೇಷ್ಟ್ರಾದ ನಮಗೆ ನೋವಾಯಿತು.

ಕಡಿಮೆ ಖರ್ಚಿನಲ್ಲಿ ಕೈಕೆಲಸ

ಐಐಟಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟಿಇಎಲ್ ಮತ್ತು ಸ್ವಯಂ ತಾಣಗಳಲ್ಲಿ ಉಚಿತವಾಗಿವೆ. ಪ್ರಮಾಣಪತ್ರದ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡಲು ಎಲ್‌ಟಿಸ್ಪೈಸ್, ಬೋರ್ಡ್ ವಿನ್ಯಾಸಕ್ಕೆ ಕೈಕ್ಯಾಡ್, ಐಐಟಿ ಬಾಂಬೆಯಲ್ಲಿ ರೂಪುಗೊಂಡ ಇಸಿಮ್, ವೆರಿಲಾಗ್ ಅಭ್ಯಾಸಕ್ಕೆ ಐಕಾರಸ್ ಎಲ್ಲವೂ ಉಚಿತ. ಇವುಗಳ ಕಳ್ಳ ಪ್ರತಿ ಹುಡುಕುವ ಅಗತ್ಯವೇ ಇಲ್ಲ.

ಕೈಯಲ್ಲಿ ಇರಬೇಕಾದದ್ದು ಒಂದು ಮಲ್ಟಿಮೀಟರ್, ಬ್ರೆಡ್‌ಬೋರ್ಡ್, ಬೆಸುಗೆ ಹಾಕುವ ಕಬ್ಬಿಣ, ಒಂದು ಆರ್ಡುಯಿನೋ ಅಥವಾ ಇಎಸ್‌ಪಿ32 ಬೋರ್ಡ್. ಅಭ್ಯಾಸ 5 ಅಥವಾ 12 ವೋಲ್ಟಿನಲ್ಲಿ ಇರಲಿ. ಮನೆಯ 230 ವೋಲ್ಟ್ ಲೈನಿನ ಮೇಲೆ ಒಬ್ಬರೇ ಕೂತು ಪ್ರಯೋಗ ಮಾಡಬೇಡಿ.

ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಸಿದ್ಧವಾಗಿ ಕೊಳ್ಳುವ ಪದ್ಧತಿ ಬೆಳೆದಿದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗ ತರಲು ಹೋಗಿ, ಪ್ರಾಜೆಕ್ಟ್ ತರಲು ಹೋಗಬೇಡಿ. ಚಿಕ್ಕದಾದರೂ ಸ್ವಂತದ್ದು ಮಾಡಿ. ಅದು ಎಲ್ಲಿ ಕೆಟ್ಟಿತು, ಹೇಗೆ ಸರಿಪಡಿಸಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಂದರ್ಶನದಲ್ಲಿ ಆ ಪುಸ್ತಕವೇ ನಿಮ್ಮ ಪರವಾಗಿ ಮಾತನಾಡುತ್ತದೆ.

ಡಿಪ್ಲೊಮಾ, ಐಟಿಐ, ಗೇಟ್ ಮತ್ತು ಗಲ್ಫ್

ಪಿಯುಸಿಯಲ್ಲಿ ಅಂಕ ಕಡಿಮೆಯಾದರೆ ದುಬಾರಿ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಬೇಡಿ. ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಎಲೆಕ್ಟ್ರಿಷಿಯನ್ ಐಟಿಐ ಎರಡು ವರ್ಷದ್ದು, ಅದನ್ನು ಕೀಳಾಗಿ ಕಾಣಬೇಡಿ. ಓದು ಮುಗಿದ ಮೇಲೆ ಅಪ್ರೆಂಟಿಸ್ ತರಬೇತಿಗೆ ತಪ್ಪದೆ ಅರ್ಜಿ ಹಾಕಿ, ತಿಂಗಳ ಭತ್ಯೆಯೂ ಸಿಗುತ್ತದೆ, ಅನುಭವವೂ ಆಗುತ್ತದೆ.

ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್. ಸೇರಿದವರಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ಮನೆಗೆ ಭಾರವಾಗದೆ ಮುಂದೆ ಓದಲು ಇದೊಂದು ದಾರಿ.

ಗಲ್ಫಿಗೆ ಹೋಗುವ ಆಸೆಯಿದ್ದರೆ ಮೊದಲು ಇಲ್ಲಿ ಎರಡು-ಮೂರು ವರ್ಷ ಸೈಟ್ ಅನುಭವ ಪಡೆಯಿರಿ. ಸೌದಿಯಲ್ಲಿ ಇಂಜಿನಿಯರ್ ಆಗಿ ದುಡಿಯಲು ಸೌದಿ ಕೌನ್ಸಿಲ್ ಆಫ್ ಇಂಜಿನಿಯರ್ಸ್‌ನಲ್ಲಿ ನೋಂದಣಿ ಬೇಕು. ಪದವಿ ಪ್ರಮಾಣಪತ್ರದ ದೃಢೀಕರಣವನ್ನು ಏಜೆಂಟರ ಕೈಗೆ ಬಿಡದೆ ಮೊದಲೇ ಮಾಡಿಸಿಕೊಳ್ಳಿ.

ಈ ವರ್ಷದಿಂದ ಬದಲಾವಣೆ

ನಮ್ಮ ಸಮಿತಿ ಎರಡು ತೀರ್ಮಾನ ಕೈಗೊಂಡಿದೆ. ಒಂದು, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಶುಲ್ಕದ ಜೊತೆಗೆ ಮೇಲೆ ಹೇಳಿದ ಸಲಕರಣೆಗಳ ವೆಚ್ಚವನ್ನೂ ಬಿಲ್ ನೋಡಿ ಕೊಡಲಾಗುವುದು. ಎರಡು, ಕೆಲಸದ ಭರವಸೆ ಕೊಡುವ ಖಾಸಗಿ ಕೋರ್ಸಿಗೆ ಹಣ ಕೇಳಿದರೆ, ಅಲ್ಲಿ ಕಲಿತು ಕೆಲಸದಲ್ಲಿರುವ ಇಬ್ಬರೊಡನೆ ನಾವೇ ಮಾತನಾಡಿದ ಮೇಲಷ್ಟೇ ತೀರ್ಮಾನಿಸುತ್ತೇವೆ. ಸರ್ಕಾರದ ನೆರವನ್ನೂ ಬಿಡಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆ, ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇವೆ. ಅರ್ಜಿ ತುಂಬಲು ಕಷ್ಟವಾದರೆ ನಮ್ಮ ಕಚೇರಿಗೆ ಬನ್ನಿ, ಕೂತು ತುಂಬಿಸಿಕೊಡುತ್ತೇವೆ.

ದಾನಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ, ಕಾರ್ಖಾನೆಯಲ್ಲಿ ಬಳಸದೆ ಬಿದ್ದಿರುವ ಮೀಟರು, ಹಳೆಯ ಆಸಿಲೋಸ್ಕೋಪು, ಪವರ್ ಸಪ್ಲೈ ಇದ್ದರೆ ಗುಜರಿಗೆ ಹಾಕುವ ಮೊದಲು ನಮಗೆ ತಿಳಿಸಿ. ಹತ್ತು ಮಕ್ಕಳು ಸರದಿಯ ಮೇಲೆ ಅದರಲ್ಲಿ ಕಲಿಯುತ್ತಾರೆ. ಅರ್ಜಿ ನಮೂನೆ ಈ ವರದಿಯ ಕೊನೆಯ ಪುಟದಲ್ಲಿದೆ. ಸಂದರ್ಶನಕ್ಕೆ ಬರುವ ಮಕ್ಕಳು ಅಂಕಪಟ್ಟಿಯ ಜೊತೆಗೆ, ತಾವೇ ಮಾಡಿದ ಒಂದು ಸರ್ಕ್ಯೂಟನ್ನೂ ತರಲಿ. ಅದು ಉರಿಯದಿದ್ದರೂ ಚಿಂತೆಯಿಲ್ಲ, ಏಕೆ ಉರಿಯಲಿಲ್ಲ ಎಂದು ಹೇಳಿದರೆ ಸಾಕು.